ಒಂದೇ ಹಿಡಿಕೆಗೆ ಆರು ಕೆಲಸ ಕಟ್ಟಬಹುದಾ?

ಪ್ರಶ್ನೆ: ನಾನು ಕಾರವಾರದವಳು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೇನೆ. ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, 61 ವರ್ಷ. ಬಲಗೈ ಹೆಬ್ಬೆರಳಿನ ಬುಡ ನೋಯುತ್ತದೆ ಅಂತ ಈಗೀಗ ಎಡಗೈಯಲ್ಲೇ ತೊಳಸುತ್ತಾಳೆ. ಅವಳಿಗಾಗಿ ಒಂದೇ ಹಿಡಿಕೆಯಲ್ಲಿ ಆರು ಕೆಲಸ ಆಗುವ ಸಾಧನ ಮಾಡಬೇಕು ಅಂತಿದ್ದೇನೆ: ಸೌಟು, ತೂತಿನ ಸೌಟು, ಸಟ್ಟುಗ, ಇಕ್ಕಳ, ಸಿಪ್ಪೆ ಹೆರೆಯುವ ಬ್ಲೇಡು, ಮೀನಿನ ಹುರುಪೆ ತೆಗೆಯುವ ಹಲ್ಲು. ಚಿತ್ರ ಕಳಿಸಿದ್ದೇನೆ. ಹಿಡಿಕೆ ಎಷ್ಟು ದಪ್ಪ ಇರಬೇಕು? ಯಾವ ಲೋಹ ಒಳ್ಳೆಯದು? ಇದಕ್ಕೆ ಪೇಟೆಂಟ್ ಸಿಗುತ್ತದಾ?

ಉತ್ತರ: ಚಿತ್ರ ಎರಡು ಸಲ ನೋಡಿದೆ. ಗೆರೆ ಚೆನ್ನಾಗಿದೆ, ಎಲ್ಲಾ ಕಡೆ ಅಳತೆ ಹಾಕಿದ್ದೀರಿ, ಖುಷಿಯಾಯಿತು. ಆದರೆ ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆರರಲ್ಲಿ ಮೂರನ್ನು ಕೈಬಿಡಿ. ಇಕ್ಕಳ, ಸಿಪ್ಪೆಯ ಬ್ಲೇಡು, ಹುರುಪೆಯ ಹಲ್ಲು ಬೇಡ. ಉಳಿದ ಮೂರನ್ನೂ ಒಂದಕ್ಕೇ ಕಟ್ಟಬೇಡಿ, ಎರಡು ಸಾಧನ ಮಾಡಿ. ಒಂದು ಪಾತ್ರೆಗೆ, ಇನ್ನೊಂದು ತವೆಗೆ.

ಯಾಕೆ ಅಂತ ಹೇಳುವ ಮೊದಲು ನನ್ನದೇ ಒಂದು ಕತೆ. ಸುಮಾರು 20 ವರ್ಷದ ಹಿಂದೆ ಶಿರಸಿಯಲ್ಲಿ ನನ್ನ ಸಣ್ಣ ವರ್ಕ್‌ಶಾಪ್ ಇತ್ತು. ಆಗ ನಾನೂ ನಾಲ್ಕು ಕೆಲಸದ ಸೌಟೊಂದು ಮಾಡಿದ್ದೆ. ಹಿಡಿಕೆಯಲ್ಲಿ ಜಾರುವ ಗುಂಡಿ, ಒತ್ತಿ ತಳ್ಳಿದರೆ ಒಂದು ತಲೆ ಹೋಗಿ ಇನ್ನೊಂದು ಬರುವುದು. ನೋಡಿದವರೆಲ್ಲ ವಾಹ್ ಅಂದರು. ಮನೆಯಲ್ಲಿ ಹನ್ನೊಂದು ದಿನ ನಡೆಯಿತು. ಆಮೇಲೆ ಅದು ಮೊಳೆಗೆ ನೇತುಬಿದ್ದದ್ದು ಇಳಿಯಲೇ ಇಲ್ಲ. ಗುಂಡಿಯ ಸಂದಿಗೆ ರುಬ್ಬಿದ ತೆಂಗಿನಕಾಯಿ ಹೋಗಿ ಕೂತಿತ್ತು, ಎರಡನೇ ದಿನಕ್ಕೆ ಹುಳಿ ವಾಸನೆ. ಸೂಜಿ ಹಾಕಿ ಕೆದಕಿದರೂ ಪೂರ್ತಿ ಬರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪನ್ನು ನಮ್ಮನೆಯವಳು ಒಂದೇ ಮಾತಲ್ಲಿ ಹೇಳಿದಳು: "ಒಲೆ ಮೇಲೆ ಹುಳಿ ಉಕ್ಕುತ್ತಾ ಇರುವಾಗ ಇದರ ಗುಂಡಿ ಯಾರು ಹುಡುಕುತ್ತಾರೆ?"

ನಿಮ್ಮ ಚಿತ್ರದಲ್ಲೂ ಅಂಥದೇ ಗುಂಡಿ ಇದೆ, ಗಮನಿಸಿದ್ದೀರಾ? ಅದನ್ನು ಒತ್ತುವುದು ಹೆಬ್ಬೆರಳಲ್ಲಿ. ಆಯಿಗೆ ನೋವಿರುವುದೂ ಅದೇ ಬೆರಳಿನ ಬುಡದಲ್ಲಿ. ಆರು ತಲೆ ಅಂದರೆ ಒಂದು ಅಡಿಗೆಗೆ ಎಷ್ಟು ಸಲ ಒತ್ತಬೇಕು, ಒಮ್ಮೆ ಲೆಕ್ಕ ಹಾಕಿ.

ಹಲವು ಸಾಧನ ಮಡಚಿಟ್ಟ ಸ್ವಿಸ್ ಚಾಕು ಇಲ್ವಾ ಅಂತ ಕೇಳಬಹುದು. ಇದೆ. ಅದನ್ನು ಮಾಡಿದ ಕಾರ್ಲ್ ಎಲ್ಸೆನರ್ 1897ರಲ್ಲಿ ಆಫೀಸರ್ ಚಾಕು ಅಂತ ಅದನ್ನು ನೋಂದಾಯಿಸಿದ. ಆದರೆ ಅದು ಕಿಸೆಗೆ ಮಾಡಿದ್ದು. ಕಿಸೆಯಲ್ಲಿ ಜಾಗ ಇಲ್ಲ, ಆದ್ದರಿಂದ ಎಲ್ಲವನ್ನೂ ಮಡಚಿ ತುಂಬಿದರು. ಅದರ ಕತ್ತರಿಯಲ್ಲಿ ದಿನವಿಡೀ ಬಟ್ಟೆ ಕತ್ತರಿಸುವ ದರ್ಜಿ ಯಾರೂ ಇಲ್ಲ. ಅಡಿಗೆಮನೆಯಲ್ಲಿ ಜಾಗದ ಕಷ್ಟ ಅಷ್ಟಿಲ್ಲ. ಗೋಡೆಗೆ ಒಂದು ಪಟ್ಟಿ, ನಾಲ್ಕು ಮೊಳೆ, ಮುಗಿಯಿತು.

ಹಾಗಂತ ಒಂದರಲ್ಲಿ ಎರಡು ಕೆಲಸ ಆಗಲೇಬಾರದು ಅಂತ ನನ್ನ ವಾದ ಅಲ್ಲ. ನಿಮ್ಮ ಮನೆಯಲ್ಲೇ ಒಂದು ಇರಬಹುದು. ನೀವು ಕೊಂಕಣಿಯಲ್ಲಿ ಆದೋಳಿ ಅನ್ನುತ್ತೀರಿ, ನಮ್ಮಲ್ಲಿ ಘಟ್ಟದ ಮೇಲೆ ಮೆಟ್ಟುಗತ್ತಿ, ಬಯಲುಸೀಮೆಯವರು ಈಳಿಗೆ ಮಣೆ. ಅದರ ಬಾಯಿ ತರಕಾರಿಗೆ, ಮೀನಿಗೆ. ತುದಿಯಲ್ಲಿರುವ ಹಲ್ಲು ಕಾಯಿ ಹೆರೆಯುವುದಕ್ಕೆ. ಒಂದೇ ಸಾಧನ, ಎರಡು ಕೆಲಸ, ಯಾವ ಗುಂಡಿಯೂ ಇಲ್ಲ, ಸ್ಪ್ರಿಂಗೂ ಇಲ್ಲ. ಅದು ಯಾಕೆ ಚೆನ್ನಾಗಿ ನಡೆಯುತ್ತದೆ ನೋಡಿ. ಎರಡೂ ಕೆಲಸಕ್ಕೆ ಕೂರುವ ಭಂಗಿ ಒಂದೇ. ಸಾಧನವನ್ನು ಮೈಭಾರ ಹಿಡಿದಿರುತ್ತದೆ, ಎರಡೂ ಕೈ ಕಾಯಿಯ ಮೇಲೋ ಬದನೆಯ ಮೇಲೋ ಇರುತ್ತವೆ. ಬೆರಳಿಗೆ ಸಾಧನವನ್ನು ಗಟ್ಟಿಯಾಗಿ ಅಮುಕಿ ಹಿಡಿಯುವ ಶ್ರಮವೇ ಇಲ್ಲ. 61ರ ಮೊಣಕಾಲಿಗೆ ಕೆಳಗೆ ಕೂರುವುದು ಕಷ್ಟ ಅನ್ನುವುದು ಬೇರೆ ಮಾತು. ಆದರೆ ಜೋಡಿಸುವ ಕ್ರಮವನ್ನು ಅಲ್ಲಿಂದಲೇ ಕಲಿಯಬೇಕು.

ನನ್ನ ಕ್ರಮ ಇಷ್ಟೇ. ಎರಡು ಕೆಲಸವನ್ನು ಒಂದು ಸಾಧನಕ್ಕೆ ಕಟ್ಟುವ ಮೊದಲು ಕೇಳುತ್ತೇನೆ: ಹಿಡಿತ ಬದಲಿಸದೆ, ಅದೇ ಪಾತ್ರೆಯಲ್ಲಿ, ಅದೇ ಹೊತ್ತಿಗೆ ಕೈ ಈ ಎರಡನೇ ಕೆಲಸಕ್ಕೆ ಹೋಗುತ್ತದಾ? ಹೋದರೆ ಕಟ್ಟಿ. ಇಲ್ಲದಿದ್ದರೆ ಬಿಡಿ.

ಸಾಂಬಾರು ಕುದಿಯುತ್ತಿದೆ ಅಂದುಕೊಳ್ಳಿ. ತೊಳಸುತ್ತೀರಿ, ತಳ ಹಿಡಿಯದ ಹಾಗೆ ಕೆರೆಯುತ್ತೀರಿ, ಒಂದು ಹೋಳು ಎತ್ತಿ ಬೆಂದಿದೆಯಾ ನೋಡುತ್ತೀರಿ, ನೀರು ಬಸಿದು ನಾಲ್ಕು ಹೋಳು ತೆಗೆಯುತ್ತೀರಿ, ಕೊನೆಗೆ ಬಡಿಸುತ್ತೀರಿ. ಐದೂ ಕೆಲಸಕ್ಕೆ ಮುಷ್ಟಿ ಒಂದೇ, ಪಾತ್ರೆ ಒಂದೇ. ಹಾಗಾಗಿ ಸೌಟು ಮತ್ತು ತೂತಿನ ಸೌಟು ಒಂದಾಗಬಹುದು. ಸಿಪ್ಪೆ ಹೆರೆಯುವುದು ಇಲ್ಲಿಗೆ ಬರುವುದಿಲ್ಲ. ಅದರ ಹೊತ್ತೇ ಬೇರೆ, ಬ್ಲೇಡು ಬೆರಳಿಗೆ ಹತ್ತಿರ ಇರಬೇಕು, ಹಿಡಿತ ಬೆರಳ ತುದಿಯದು. ಸೌಟಿನ ಉದ್ದದ ಹಿಡಿಕೆಯ ತುದಿಗೆ ಬ್ಲೇಡು ಹಾಕಿದರೆ ಆಲೂಗಡ್ಡೆ ಹೆರೆಯುವುದು ದೋಟಿಯಲ್ಲಿ ಬೆಣ್ಣೆ ಸವರಿದ ಹಾಗೆ. ಮೀನಿನ ಹುರುಪೆಯಂತೂ ಹಿತ್ತಲ ನಲ್ಲಿಯ ಹತ್ತಿರದ ಕೆಲಸ, ಒಲೆ ಹಚ್ಚುವ ಮೊದಲೇ ಮುಗಿಯಬೇಕು. ತಾರ್ಲೆ ಮೀನಿನದು ಬೆರಳಲ್ಲಿ ಉಜ್ಜಿದರೂ ಹೋಗುತ್ತದೆ. ಬಂಗಡೆಗೆ ಅದರ ಕಾಟವೇ ಕಡಿಮೆ. ಹುರುಪೆ ಕೆರೆದ ಹಲ್ಲು ಇರುವ ಸಾಧನವನ್ನೇ ತಿರುಗಿಸಿ ತೊವ್ವೆಗೆ ಹಾಕಲು ಆಯಿ ಒಪ್ಪುತ್ತಾರಾ? ಕೇಳಿ ನೋಡಿ.

ಇಕ್ಕಳ ಬಿಡಿ ಅಂದದ್ದಕ್ಕೆ ಕಾರಣ ಬೇರೆ. ಅಮುಕಿಕೊಂಡೇ ಇರಬೇಕಾದ ಯಾವ ಸಾಧನವೂ ನೋವಿರುವ ಹೆಬ್ಬೆರಳಿಗೆ ಒಳ್ಳೆಯದಲ್ಲ. ಮಾಡಲೇಬೇಕು ಅಂದರೆ ಬೇರೆಯಾಗಿ ಮಾಡಿ, ತಾನಾಗಿ ತೆರೆದುಕೊಳ್ಳುವ ಸ್ಪ್ರಿಂಗ್ ಹಾಕಿ, ತೆರೆದಾಗ ಎರಡು ಕಾಲಿನ ನಡುವಿನ ಅಗಲ 7.5 ಸೆಂ.ಮೀ. ದಾಟದಿರಲಿ.

ಈಗ ಹಿಡಿಕೆ. ನೀವು ಮೊದಲು ಕೇಳಿದ್ದು ಇದನ್ನೇ, ನನಗೂ ಇದೇ ಮುಖ್ಯ.

ಮಾರುಕಟ್ಟೆಯ ಸ್ಟೀಲ್ ಸೌಟಿನ ಹಿಡಿಕೆ ಅಂದರೆ ಒಂದೆರಡು ಮಿ.ಮೀ. ದಪ್ಪದ ಪಟ್ಟಿ. ಅದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಬೀಗದ ಕೈ ತಿರುಗಿಸುವ ಹಾಗೆ ಹೆಬ್ಬೆರಳು ಮತ್ತು ತೋರುಬೆರಳಿನ ಮಗ್ಗುಲ ನಡುವೆ ಚಿವುಟಿ ಹಿಡಿಯಬೇಕು. ಈ ಚಿವುಟುವ ಹಿಡಿತದ ಬಗ್ಗೆ ಕೂನಿ ಮತ್ತು ಚಾವೊ ಎಂಬ ಇಬ್ಬರು ಸಂಶೋಧಕರು 1977ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಬೆರಳ ತುದಿಯಲ್ಲಿ 1 ಕೆ.ಜಿ. ಬಲ ಹಾಕಿದರೆ ಹೆಬ್ಬೆರಳಿನ ಬುಡದ ಕೀಲಿಗೆ ಬೀಳುವುದು ಸುಮಾರು 12 ಕೆ.ಜಿ. ಆಯಿಗೆ ಎಲ್ಲಿ ನೋವು ಅಂದಿರಿ? ಅದೇ ಕೀಲು ಇರುವ ಜಾಗ. ಅದಕ್ಕೆ ಕಾರಣ ಸೌಟೇ ಅಂತ ಹೇಳುವುದು ನನ್ನ ಕೆಲಸ ಅಲ್ಲ, ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿಬಿಡಿ. ಆದರೆ ಕಾರಣ ಏನೇ ಇರಲಿ, ಚಿವುಟಿ ಹಿಡಿಯುವುದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ.

ಅಮೆರಿಕದ ನಿಯೋಶ್ ಎಂಬ ಸರ್ಕಾರಿ ಸಂಸ್ಥೆ 2004ರಲ್ಲಿ ಕೈ ಉಪಕರಣಗಳ ಕೈಪಿಡಿ ತಂದಿದೆ. ಬಲ ಹಾಕುವ ಕೆಲಸಕ್ಕೆ ಹಿಡಿಕೆಯ ದಪ್ಪ 32ರಿಂದ 51 ಮಿ.ಮೀ., ನಾಜೂಕಿನ ಕೆಲಸಕ್ಕೆ 6ರಿಂದ 13 ಮಿ.ಮೀ. ಅಂತ ಅದರಲ್ಲಿದೆ. ಸೌಟು ಇವೆರಡರ ನಡುವಿನ ಪ್ರಾಣಿ. ಸಾರು ತೊಳಸಲು ಬಲ ಬೇಡ, ಗೋಧಿ ಹಲ್ವಾ ಮಗುಚಲು ಬೇಕು. ಅದೂ ಅಲ್ಲದೆ ಆ ಅಂಕಿಯ ಮೇಲಿನ ತುದಿ ದೊಡ್ಡ ಕೈಗೆ. ನಮ್ಮ ಕಡೆಯ ಹೆಂಗಸರಿಗೆ 28ರಿಂದ 34 ಮಿ.ಮೀ. ಒಳಗೆ ಎಲ್ಲೋ ಸರಿಹೋಗುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಎಲ್ಲೋ ಅಂದೆ, ಎಲ್ಲಿ ಅಂತ ನೀವೇ ಕಂಡುಕೊಳ್ಳಬೇಕು. ಅದಕ್ಕೆ ಖರ್ಚಿಲ್ಲದ ದಾರಿ ಇದೆ.

ಹಳೆ ಪೇಪರ್ ತೆಗೆದುಕೊಳ್ಳಿ. ಬಿಗಿಯಾಗಿ ಸುತ್ತಿ ಐದು ಸುರುಳಿ ಮಾಡಿ: 20, 25, 30, 35, 40 ಮಿ.ಮೀ. ದಪ್ಪ ಅಳೆಯಲು ಕ್ಯಾಲಿಪರ್ ಇಲ್ಲದಿದ್ದರೆ ನೂಲು ಸುತ್ತಿ, ಸುತ್ತಳತೆ 9.4 ಸೆಂ.ಮೀ. ಬಂದರೆ ದಪ್ಪ 3 ಸೆಂ.ಮೀ. ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಚ್ಚಿ. ಸುರುಳಿಗೆ ಒಂದು ಸೌಟನ್ನು ಕಟ್ಟಿ, ಆಯಿಯ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಅಕ್ಕಿ ತುಂಬಿದ ಪಾತ್ರೆಯಲ್ಲಿ ತೊಳಸಲು ಹೇಳಿ. ಒಣ ಕೈಯಲ್ಲಿ ನೋಡಿದರೆ ಮೋಸ ಹೋಗುತ್ತೀರಿ, ಅಡಿಗೆಮನೆಯಲ್ಲಿ ಒಣ ಕೈ ಎಲ್ಲಿರುತ್ತದೆ? ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ, ಮಗಳು ಮಾಡಿದ್ದು ಅಂತ ಎಲ್ಲವೂ ಚೆನ್ನಾಗಿದೆ ಅನ್ನುತ್ತಾರೆ. ಸುಮ್ನೆ ಪಕ್ಕದಲ್ಲಿ ನಿಂತು ನೋಡಿ. ಹೆಬ್ಬೆರಳ ತುದಿ ತೋರುಬೆರಳಿನ ಉಗುರಿನ ಮೇಲೆ ಹಗುರವಾಗಿ ಕೂತರೆ ಆ ದಪ್ಪ ಅವರದು. ಬೆರಳ ಗೆಣ್ಣು ಬೆಳ್ಳಗಾದರೆ, ಇಲ್ಲಾ ಮಧ್ಯೆ ಮಧ್ಯೆ ಹಿಡಿತ ಬದಲಿಸಿದರೆ ಅದು ಅಲ್ಲ.

ದಪ್ಪ ಸಿಕ್ಕ ಮೇಲೆ ಅದನ್ನು ದುಂಡಗೆ ಬಿಡಬೇಡಿ. ಸೌಟು ತುಂಬಿದಾಗ ಬಟ್ಟಲು ಒಂದು ಕಡೆ ವಾಲುತ್ತದೆ, ದುಂಡು ಹಿಡಿಕೆ ಕೈಯೊಳಗೇ ತಿರುಗುತ್ತದೆ. ಅದನ್ನು ತಡೆಯಲು ಮತ್ತೆ ಬಿಗಿಯಾಗಿ ಅಮುಕಬೇಕು. ಅಡ್ಡ ಕೊಯ್ದರೆ ಮೊಟ್ಟೆಯಾಕಾರ ಕಾಣುವ ಹಾಗಿರಲಿ, ಒಂದು ಕಡೆ 32 ಇದ್ದರೆ ಇನ್ನೊಂದು ಕಡೆ 24. ಚಿತ್ರದಲ್ಲಿ ಬೆರಳಿಗೊಂದು ಗುಳಿ ತೆಗೆದಿದ್ದೀರಲ್ಲ, ಅದು ಬೇಡ. ನೋಡಲು ಶೋಕಿ, ಆದರೆ ಯಾರ ಕೈಯ ಅಳತೆಗೆ ತೆಗೆದಿರೋ ಅವರಿಗೆ ಮಾತ್ರ ಹೊಂದುತ್ತದೆ. ಉಳಿದವರಿಗೆ ಗುಳಿಯ ಏಣು ಬೆರಳಿಗೆ ಒತ್ತುತ್ತದೆ. ಆಯಿ ಎಡಗೈ ಬಲಗೈ ಎರಡೂ ಬಳಸುತ್ತಾರೆ ಬೇರೆ. ಹಿಡಿಯುವ ಭಾಗದ ಉದ್ದ ಅಂಗೈಯ ಅಗಲ ದಾಟಲೇಬೇಕು, 12-13 ಸೆಂ.ಮೀ. ಕೊಡಿ. ಗಿಡ್ಡ ಇದ್ದರೆ ಹಿಡಿಕೆಯ ತುದಿ ಅಂಗೈ ಮಧ್ಯಕ್ಕೆ ಚುಚ್ಚುತ್ತದೆ.

ದಪ್ಪ ಹಿಡಿಕೆ ಅಂದಾಗ ಅಡಿಗೆ ಸಾಧನ ಮಾಡುವ ಅಮೆರಿಕದ ಆಕ್ಸೋ ಕಂಪನಿಯ ಕತೆ ನೆನಪಾಗುತ್ತದೆ. ಅದನ್ನು ಕಟ್ಟಿದ ಸ್ಯಾಮ್ ಫಾರ್ಬರ್ ಅವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ ಇತ್ತು, ಸಿಪ್ಪೆ ಹೆರೆಯುವ ಸಾಧನ ಹಿಡಿಯಲು ಕಷ್ಟಪಡುತ್ತಿದ್ದರು. ಅಲ್ಲಿಂದ ಶುರುವಾಗಿ 1990ರಲ್ಲಿ ಮೆತ್ತನೆಯ ದಪ್ಪ ಕಪ್ಪು ಹಿಡಿಕೆಯ 15 ಸಾಧನ ಮಾರುಕಟ್ಟೆಗೆ ಬಂದವು. ಹದಿನೈದು ಬೇರೆ ಬೇರೆ ಸಾಧನ, ಒಂದೇ ಥರದ ಹಿಡಿಕೆ. ನಿಮ್ಮದು ಇದಕ್ಕೆ ತಲೆಕೆಳಗು, ಹಿಡಿಕೆ ಒಂದು, ತಲೆ ಆರು.

ಇನ್ನು ನೀವು ಕೇಳದೇ ಇದ್ದದ್ದು ಒಂದಿದೆ, ಅದನ್ನೂ ಹೇಳುತ್ತೇನೆ. ಆಯಿಯ ಎತ್ತರ ಎಷ್ಟು? 150 ಸೆಂ.ಮೀ. ಅಂದುಕೊಳ್ಳೋಣ. ನಿಂತಾಗ ಮೊಣಕೈಯ ಎತ್ತರ ಮೈ ಎತ್ತರದ ಸುಮಾರು 0.63 ಪಾಲು, ಅಂದರೆ 94 ಸೆಂ.ಮೀ. ಅಡಿಗೆ ಕಟ್ಟೆ 85 ಸೆಂ.ಮೀ., ಅದರ ಮೇಲೆ ಗ್ಯಾಸ್ ಒಲೆ 10, ಅದರ ಮೇಲೆ 20 ಸೆಂ.ಮೀ. ಎತ್ತರದ ಪಾತ್ರೆ. ಕೂಡಿಸಿ, 115 ಆಯಿತು. ಪಾತ್ರೆಯ ಬಾಯಿ ಮೊಣಕೈಗಿಂತ ಒಂದು ಗೇಣು ಮೇಲಿದೆ! ಅವರು ಭುಜ ಎತ್ತಿ, ಮಣಿಕಟ್ಟು ಬಾಗಿಸಿ, ಮೇಲಿನಿಂದ ಸೌಟು ಇಳಿಸುತ್ತಿದ್ದಾರೆ. ಬಾಗಿದ ಮಣಿಕಟ್ಟಿನಲ್ಲಿ ಹಿಡಿತದ ಶಕ್ತಿ ಕಡಿಮೆಯಾಗುತ್ತದೆ, ಅದನ್ನು ತುಂಬಲು ಮತ್ತೂ ಬಿಗಿಯಾಗಿ ಹಿಡಿಯುತ್ತಾರೆ. ಎಂಥ ಸೌಟು ಮಾಡಿಕೊಟ್ಟರೂ ಈ ಕಷ್ಟ ಪೂರ್ತಿ ಹೋಗುವುದಿಲ್ಲ. ಒಲೆ ಮುಂದೆ ನಿಲ್ಲಲು 10 ಸೆಂ.ಮೀ. ಎತ್ತರದ, ಎರಡು ಕಾಲೂ ಹಾಯಾಗಿ ಇಡುವಷ್ಟು ಅಗಲದ, ಅಲ್ಲಾಡದ ಹಲಗೆ ಮಾಡಿಸಿಬಿಡಿ. ಸಾಧನಕ್ಕಿಂತ ಮೊದಲು ಇದೇ ಆಗಲಿ.

ಹಲಗೆ ಹಾಕಿದ ಮೇಲೂ ಆಳದ ಪಾತ್ರೆಗೆ ಸೌಟು ಮೇಲಿನಿಂದಲೇ ಇಳಿಯಬೇಕು. ಆಗ ಕೈ ಬಾಗಿಸುವ ಬದಲು ಹಿಡಿಕೆಯನ್ನೇ ಬಾಗಿಸಿ. ನೆಟ್ಟಗಿನ ಹಿಡಿಕೆಗೆ ಸುಮಾರು 15 ಡಿಗ್ರಿ ಬಾಗು ಕೊಟ್ಟು ನೋಡಿ, ಆಮೇಲೆ 20, ಆಮೇಲೆ 25. ಯಾರಿಗಾದರೂ ಕೈಕುಲುಕಲು ಚಾಚಿದಾಗ ಮಣಿಕಟ್ಟು ಹೇಗಿರುತ್ತದೋ, ತೊಳಸುವಾಗಲೂ ಹಾಗೇ ಇರಬೇಕು. ಮೊಬೈಲಲ್ಲಿ ಪಕ್ಕದಿಂದ ವಿಡಿಯೋ ತೆಗೆದು ನಿಲ್ಲಿಸಿ ನೋಡಿದರೆ ಕೋನ ಕಾಣುತ್ತದೆ.

ತೂಕದ ಮಾತೂ ಇಲ್ಲೇ ಬರುತ್ತದೆ. ಮುಷ್ಟಿಯಿಂದ 25 ಸೆಂ.ಮೀ. ದೂರದಲ್ಲಿ 100 ಗ್ರಾಂ ಸಾರು ಇದ್ದರೆ, ಮಣಿಕಟ್ಟಿಗೆ ಅದು 10 ಸೆಂ.ಮೀ. ದೂರದ 250 ಗ್ರಾಂ ಹೊತ್ತ ಹಾಗೆ. ನಿಮ್ಮ ಚಿತ್ರದಲ್ಲಿ ಆರೂ ತಲೆಗಳು ತುದಿಯಲ್ಲೇ ಗುಂಪುಗೂಡಿವೆ. ಬಳಸದ ಐದನ್ನು ಆಯಿ ಸುಮ್ನೆ ಎತ್ತಿ ಎತ್ತಿ ಇಡಬೇಕು! ಬಟ್ಟಲು ತೆಳ್ಳಗಿರಲಿ, ತೂಕ ಹಿಡಿಕೆಯ ಕಡೆ ಇರಲಿ. ಖಾಲಿ ಸೌಟನ್ನು ತೋರುಬೆರಳ ಮೇಲೆ ಅಡ್ಡ ಇಟ್ಟು ತೂಗಿ ನೋಡಿ. ಹಿಡಿಯುವ ಜಾಗದಿಂದ ಎರಡು ಮೂರು ಬೆರಳಿನೊಳಗೆ ಸಮ ನಿಂತರೆ ಸಾಕು.

ಇನ್ನು ತಲೆಗಳಿಗೆ ಬರೋಣ. ಪಾತ್ರೆಯ ಸಾಧನ ಸುಲಭ. ದುಂಡು ಸೌಟು ಚಪ್ಪಟೆ ತಳವನ್ನು ಒಂದು ಬಿಂದುವಿನಲ್ಲಿ ಮಾತ್ರ ಮುಟ್ಟುತ್ತದೆ, ಹಾಗಾಗಿಯೇ ಪಾಯಸ ತಳ ಹಿಡಿಯುವುದು. ಬಟ್ಟಲಿನ ಮುಂದಿನ ಅಂಚನ್ನು 4 ಸೆಂ.ಮೀ.ಯಷ್ಟು ಸಪಾಟು ಮಾಡಿ, ಅದು ಗೆರೆಯ ಹಾಗೆ ತಳ ಕೆರೆಯುತ್ತದೆ. ಬಟ್ಟಲಿನ ಹಿಂಭಾಗದಲ್ಲಿ, ಹಿಡಿಕೆಯ ಕಡೆಯ ಮೇಲಂಚಿಗೆ ನಾಲ್ಕೈದು ತೂತು ಇರಲಿ. ನೆಟ್ಟಗೆ ಹಿಡಿದರೆ ಸಾರು ನಿಲ್ಲುತ್ತದೆ, ಸ್ವಲ್ಪ ಹಿಂದಕ್ಕೆ ವಾಲಿಸಿದರೆ ನೀರು ಬಸಿದು ಹೋಳು ಉಳಿಯುತ್ತದೆ. ತೂತು 4 ಮಿ.ಮೀ.ಗಿಂತ ಸಣ್ಣ ಆದರೆ ಸಾಸಿವೆ, ಕಾಯಿಚೂರು ಸಿಕ್ಕಿಕೊಂಡು ಮುಚ್ಚುತ್ತದೆ. ಒಳಗೆ 15 ಮತ್ತು 50 ಮಿ.ಲೀ.ಗೆ ಗೆರೆ ಕೊರೆದರೆ ಅಳತೆಯ ಚಮಚವೂ ಆಯಿತು.

ತವೆಯ ಸಾಧನಕ್ಕೆ ಮಾತ್ರ ಕಣ್ಣು ಬೇಕು. ರವೆ ಹಚ್ಚಿದ ಬಂಗಡೆ ಹುರಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಮಗ್ಗುಲು ಕೆಂಪಗಾಗಿದೆ, ರವೆ ಪದರ ಇನ್ನೂ ಅಲ್ಲಲ್ಲಿ ತವೆಗೆ ಅಂಟಿದೆ. ದಪ್ಪ ಅಂಚಿನ ಸಟ್ಟುಗ ತಳ್ಳಿದರೆ ಅದು ಪದರದ ಅಡಿಗೆ ಹೋಗುವುದಿಲ್ಲ, ಪದರವನ್ನೇ ದೂಡುತ್ತದೆ. ರವೆ ತವೆಯ ಮೇಲೆ, ಬೋಳು ಮೀನು ಸಟ್ಟುಗದ ಮೇಲೆ. ಆಗ ಕೈ ಏನು ಮಾಡುತ್ತದೆ? ಸಟ್ಟುಗವನ್ನು ಇನ್ನೂ ಕೆಳಗೆ ಒತ್ತಿ, ಮಣಿಕಟ್ಟನ್ನು ಹಿಂದಕ್ಕೆ ಮುರಿದು, ಹೆಬ್ಬೆರಳನ್ನು ಹಿಡಿಕೆಯ ಮೇಲೆ ಊರಿ ತಳ್ಳುತ್ತದೆ. ನೋವು ಬರುವುದು ಇಂಥ ಕಡೆ. ಅಂಚು ತೆಳ್ಳಗಿದ್ದರೆ ಈ ತಳ್ಳಾಟವೇ ಬೇಡ. 1 ಮಿ.ಮೀ. ಹಾಳೆ ತೆಗೆದುಕೊಂಡು ಮುಂದಿನ 1 ಸೆಂ.ಮೀ. ಭಾಗವನ್ನು ಇಳಿಜಾರಾಗಿ ಸಾಣೆ ಹಿಡಿಸಿ, ಅರ್ಧ ಮಿ.ಮೀ.ಗೆ ಇಳಿಯಲಿ. ಮೂಲೆಗಳನ್ನು ದುಂಡು ಮಾಡಿ, ಇಲ್ಲದಿದ್ದರೆ ನೀರು ದೋಸೆ ಹರಿಯುತ್ತದೆ. ನಮ್ಮ ಕಡೆಯ ತೆಳು ದೋಸೆ, ತೆಳ್ಳೇವಿನದೂ ಅದೇ ಹಣೆಬರಹ. ಕಾವಲಿಯ ನಡುವೆ ತಗ್ಗಿದೆಯಾ ಅಂತ ಸ್ಕೇಲ್ ಅಡ್ಡ ಇಟ್ಟು ನೋಡಿ. ತಗ್ಗಿದ್ದರೆ ಅಂಚಿಗೂ ಅಷ್ಟೇ ಬಾಗು ಕೊಡಿ. ಒಂದು ಮಗ್ಗುಲ ಅಂಚು ನೇರ ಇದ್ದರೆ ದೋಸೆ ಕತ್ತರಿಸಲೂ ಆಯಿತು. ಅಗಲದಲ್ಲಿ ಎರಡು ಮೂರು ಉದ್ದ ಸೀಳು ಇದ್ದರೆ ಎಣ್ಣೆ ಬಸಿಯುತ್ತದೆ. ನೋಡಿ, ಮಗುಚುವುದು, ಕತ್ತರಿಸುವುದು, ಬಸಿಯುವುದು, ಮೂರು ಕೆಲಸ ಬಂತು, ಹಿಡಿತ ಬದಲಾಗಲಿಲ್ಲ. ತವೆ ನಾನ್‌ಸ್ಟಿಕ್ ಆದರೆ ಸ್ಟೀಲ್ ಅಂಚು ಅದನ್ನು ಗೀಚುತ್ತದೆ, ಹಾಗಾಗಿ ಯಾವ ತವೆ ಅಂತ ಮೊದಲೇ ತೀರ್ಮಾನಿಸಿ.

ಲೋಹದ ವಿಷಯ. ನಿಮ್ಮ ಚಿತ್ರದಲ್ಲಿ ಎಲ್ಲಕ್ಕೂ 304 ಸ್ಟೀಲ್ ಅಂತ ಬರೆದಿದ್ದೀರಿ. ಸೌಟಿಗೆ, ಸಟ್ಟುಗಕ್ಕೆ ಅದು ಒಳ್ಳೆಯದೇ, ನೂರರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಆದರೆ 304ನ್ನು ಕಾಯಿಸಿ ಗಟ್ಟಿ ಮಾಡಲು ಬರುವುದಿಲ್ಲ, ಸಿಪ್ಪೆಯ ಬ್ಲೇಡಿಗೆ ಹರಿತ ನಿಲ್ಲುವುದಿಲ್ಲ. ಹರಿತಕ್ಕೆ 420ರಂಥ ಸ್ಟೀಲ್ ಬೇಕು, ಅದಕ್ಕೆ ತುಕ್ಕು ಬೇಗ. ಎಲ್ಲವನ್ನೂ ಒಂದೇ ತುಂಡಲ್ಲಿ ಮಾಡಲು ಹೊರಟವರು ಇಲ್ಲೂ ಎಡವುತ್ತಾರೆ. ಅಂಗಡಿಯವರು ಅಯಸ್ಕಾಂತ ಹಿಡಿದು, ಅಂಟಲಿಲ್ಲ ನೋಡಿ, 304 ಅಂತ ತೋರಿಸಿದರೆ ನಂಬಬೇಡಿ. ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಹಾಕಿದ 201, 202 ಸ್ಟೀಲೂ ಅಂಟುವುದಿಲ್ಲ. ಕಾರವಾರದ ಉಪ್ಪುಗಾಳಿಗೆ ಅವು ಬೇಗ ಚುಕ್ಕೆ ಬೀಳುತ್ತವೆ. ಮನೆ ಸಮುದ್ರಕ್ಕೆ ತೀರಾ ಹತ್ತಿರ ಇದ್ದರೆ, ದುಡ್ಡೂ ಇದ್ದರೆ, 316 ಹಾಕಿಸಿ. ಅದರಲ್ಲಿ 2-3 ಪಾಲು ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ಜಾಸ್ತಿ ಜಗ್ಗುವುದಿಲ್ಲ. ಹಿತ್ತಾಳೆ ಚಂದ, ಆದರೆ ಕಲಾಯಿ ಇಲ್ಲದ ಹಿತ್ತಾಳೆಯನ್ನು ಮುರುಗಲು ಹುಳಿಗೋ ಹುಣಸೆಗೋ ಹಾಕಲೇಬಾರದು.

ಹಿಡಿಕೆಗೆ ನಾನು ಮರ ಅನ್ನುತ್ತೇನೆ. ಸ್ಟೀಲ್ ಪೊಳ್ಳು ಹಿಡಿಕೆಯ ವೆಲ್ಡಿಂಗಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಒಳಗೆ ನೀರು ಸೇರುತ್ತದೆ, ಆಮೇಲೆ ಸಾರಿನ ಪಾತ್ರೆಗೆ ತುಕ್ಕು ನೀರು ತೊಟ್ಟಿಕ್ಕುತ್ತದೆ. ಸಿಲಿಕೋನ್ ಮೆತ್ತಗಿದೆ, ಬಿಸಿ ತಡೆಯುತ್ತದೆ, ಆದರೆ ಮೀನು ಬೆಳ್ಳುಳ್ಳಿಯ ವಾಸನೆ ಹಿಡಿದುಕೊಳ್ಳುತ್ತದೆ. ಕಪ್ಪು ನೈಲಾನ್ ತಲೆಯ ಸೌಟು ಮಾತ್ರ ಬೇಡವೇ ಬೇಡ. 70 ಡಿಗ್ರಿಗಿಂತ ಬಿಸಿಯಾದ ಅಡಿಗೆಗೆ ಅದನ್ನು ಹೆಚ್ಚು ಹೊತ್ತು ತಾಗಿಸಬೇಡಿ ಅಂತ ಆಹಾರದ ಅಪಾಯಗಳನ್ನು ಅಳೆಯುವ ಜರ್ಮನಿಯ ಸರ್ಕಾರಿ ಸಂಸ್ಥೆ ಬಿ.ಎಫ್.ಆರ್. 2019ರಲ್ಲಿ ಹೇಳಿದೆ, ನಮ್ಮ ಸಾರು ಕುದಿಯುವುದು 100ರಲ್ಲಿ. ಮರಕ್ಕೆ ಮಳೆಗಾಲದ ಬೂಷ್ಟು ಒಂದೇ ಕಾಟ. ಕೊಬ್ಬರಿ ಎಣ್ಣೆ ಹಚ್ಚಿದರೆ ಒಣಗುವುದಿಲ್ಲ, ಜಿಡ್ಡಾಗಿ ಉಳಿಯುತ್ತದೆ. ಅಡಿಗೆಗೆ ಬಳಸುವ ಅಗಸೆ ಎಣ್ಣೆ ತೆಳ್ಳಗೆ ಎರಡು ಮೂರು ಸಲ ಹಚ್ಚಿ, ಪ್ರತಿ ಸಲ ಪೂರ್ತಿ ಒಣಗಲು ಬಿಡಿ.

ಇಲ್ಲಿ ಚಿಪ್ಪಿನ ಸೌಟನ್ನು ನೆನಪಿಸಿಕೊಳ್ಳಿ. ತೆಂಗಿನ ಚಿಪ್ಪಿಗೆ ಎರಡು ತೂತು, ಅದರಲ್ಲಿ ಹಾಯಿಸಿದ ಒಂದು ಕೋಲು, ಅಷ್ಟೇ. ಕೋಲು ಹಾಳಾದರೆ ಕೋಲು ಬದಲಿಸಿ, ಚಿಪ್ಪು ಒಡೆದರೆ ಚಿಪ್ಪು. ಹಾಗೆಯೇ ನಿಮ್ಮ ಹಿಡಿಕೆಯನ್ನೂ ಒಂದೇ ಗೂಟ ತೆಗೆದು ಬದಲಿಸುವ ಹಾಗೆ ಮಾಡಿ. ಊರಿನ ಆಚಾರಿ ಅರ್ಧ ದಿನದಲ್ಲಿ ಹೊಸದು ಕೆತ್ತಿಕೊಡಬೇಕು. ಮರಕ್ಕೂ ಸ್ಟೀಲಿಗೂ ನಡುವೆ ಸಂದಿ ಬಿಡಬೇಡಿ, ಕಾಯಿ ಹೋಗಿ ಕೂರುವುದು ಅಲ್ಲೇ. ಒಳ ಮೂಲೆಗಳೆಲ್ಲ ಕಿರುಬೆರಳ ತುದಿ ಓಡಾಡುವಷ್ಟು ದುಂಡಗಿರಲಿ.

ಮೊದಲ ಮಾದರಿಗೆ ತ್ರೀಡಿ ಪ್ರಿಂಟ್ ಮಾಡಿಸುತ್ತೇನೆ ಅಂದಿದ್ದೀರಿ. ಮಾಡಿಸಿ, ಹಿಡಿಕೆ ನೋಡಲು ಒಳ್ಳೆಯದು. ಆದರೆ ಅದರ ಪಿ.ಎಲ್.ಎ. ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ, ಬಿಸಿ ಸಾರಿಗೆ ಅದ್ದಬೇಡಿ. ಅದಕ್ಕೂ ಮೊದಲು ಜೇಡಿಮಣ್ಣನ್ನು ಕೋಲಿಗೆ ಮೆತ್ತಿ ಆಯಿಯ ಕೈಗೆ ಕೊಡಿ. ಐದು ನಿಮಿಷ ತೊಳಸಿದ ಮೇಲೆ ಮಣ್ಣಿನಲ್ಲಿ ಉಳಿದ ಬೆರಳ ಗುರುತು ನೋಡಿ. ಎಲ್ಲಿ ಆಳ ಒತ್ತಿದೆಯೋ ಅಲ್ಲಿ ದಪ್ಪ ಜಾಸ್ತಿ ಬೇಕು.

ಪೇಟೆಂಟ್ ಬಗ್ಗೆ ಚಿಕ್ಕದಾಗಿ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ಓದಿ. ಗೊತ್ತಿರುವ ಸಾಧನಗಳನ್ನು ಸುಮ್ನೆ ಜೋಡಿಸಿ, ಪ್ರತಿಯೊಂದೂ ಮೊದಲಿನ ಹಾಗೇ ತನ್ನಷ್ಟಕ್ಕೆ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರ ಅಲ್ಲ ಅಂತ ಅಲ್ಲಿದೆ. ನಿಮ್ಮ ಆರು ತಲೆಯ ಚಿತ್ರ ನೇರವಾಗಿ ಅದಕ್ಕೆ ಸಿಕ್ಕಿಬೀಳುತ್ತದೆ. ವಾಲಿಸಿದಾಗ ಮಾತ್ರ ಬಸಿಯುವ ಬಟ್ಟಲಿನಲ್ಲಿ ಹೊಸತೇನಾದರೂ ಕಂಡರೆ ಪೇಟೆಂಟ್ ವಕೀಲರನ್ನು ಕೇಳಬಹುದು. ಸುಲಭದ ದಾರಿ 2000ದ ಡಿಸೈನ್ ಕಾಯ್ದೆ. ಅದು ಆಕಾರಕ್ಕೆ ಮಾತ್ರ ರಕ್ಷಣೆ, ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ ವಿಸ್ತರಿಸಬಹುದು. ಎರಡರಲ್ಲಿ ಯಾವುದಕ್ಕೇ ಆದರೂ ಅರ್ಜಿ ಹಾಕುವ ಮೊದಲು ವಿಡಿಯೋ ಮಾಡಿ ಎಲ್ಲರಿಗೂ ತೋರಿಸಬೇಡಿ, ಹೊಸತನ ಅಲ್ಲಿಗೇ ಹೋಗುತ್ತದೆ.

ಕೊನೆಗೆ, ಚಿತ್ರದಲ್ಲಿ ಸೌಟಿನ ಮೂತಿ ಎಡಗಡೆಗಿದೆ. ಬಲಗೈಯಲ್ಲಿ ಬಡಿಸುವವರಿಗೆ ಅದು ಸರಿ, ಬಲಗೈ ಸೌಟನ್ನು ಎಡಕ್ಕೆ ವಾಲಿಸುತ್ತದೆ. ಆಯಿ ಈಗ ಎಡಗೈಯಲ್ಲಿ ತೊಳಸುತ್ತಾರೆ ಅಂದಿರಿ. ಬಡಿಸುವುದೂ ಎಡಗೈಯಲ್ಲೇ ಆದರೆ ಅವರು ಮಣಿಕಟ್ಟನ್ನು ಪೂರ್ತಿ ತಿರುಚಿ, ಮೊಣಕೈ ಎತ್ತಿ ಸುರಿಯಬೇಕಾಗುತ್ತದೆ, ಸಾರು ಕಟ್ಟೆಯ ಮೇಲೆ. ಮೂತಿ ಎರಡೂ ಕಡೆ ಹಾಕಿ.